ಬಿಳಿ ಬಳಿದ ಗೋಡೆ

"ಬಣ್ಣ ಮಾತ್ರ ಬಳೀಬೇಡ ಕಣಪ್ಪ. ಒಳಗೆ ಎಮಿಲ್ ಉಸಿರಾಡ್ತಿದ್ದಾನೆ."

ಮನೆ ಮಾರುವಾಗ ಮುದುಕಿ ಇಲೋನಾ ಕೇಳಿಕೊಂಡಿದ್ದು ಇಷ್ಟೇ. ಎಮಿಲ್ ಅವಳ ಗಂಡ, ಬಡಗಿ. ಮರಳುಗಾಡಿನ ಊರು ಪಾಮ್ ಸ್ಪ್ರಿಂಗ್ಸ್‌ನ ಈ ಗಾಜಿನ ಮನೆಗೆ ೧೯೫೭ರಲ್ಲಿ ಮಹಾಗನಿ ಹಲಗೆಯ ಗೋಡೆ ಕೂರಿಸಿದವನು. ಅವನು ಸತ್ತಾಗ ಬೂದಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ, ಏನೋ ಗೊಣಗುತ್ತ, ಇಲೋನಾ ಅದೇ ಗೋಡೆಗೆ ತಿಕ್ಕಿದ್ದಳು. ಅಂದಿನಿಂದ ಮರದ ಗೆರೆಗಳಲ್ಲಿ ಉದ್ದ ಮುಖದ ಗಂಡಸೊಬ್ಬ ಕಾಣುತ್ತಿದ್ದ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತೇನೆಂದು ಮನೆ ಕೊಳ್ಳಲು ಬಂದ ಗ್ಯಾರೆಟ್ ಪ್ರೂಯಿಟ್ ಅವಳ ಕೈ ಹಿಡಿದು ಮಾತು ಕೊಟ್ಟಿದ್ದ. ಕ್ರಯಪತ್ರಕ್ಕೆ ಸಹಿ ಬಿದ್ದ ಮೇಲೆ ನಕ್ಕ.

"ಎಣ್ಣೆ ಗಿಣ್ಣೆ ನನಗೆ ಹಿಡಿಸಲ್ಲ ಅಜ್ಜಿ. ನಂದೇನಿದ್ರೂ ಬಿಳಿ."

ಮುದುಕಿಗೆ ಸಿಟ್ಟು ಬಂದಂತಿರಲಿಲ್ಲ. "ಅವನ ಉಸಿರು ಕಟ್ಟಿಸಿದ್ರೆ, ನಿನ್ನ ಉಸಿರು ಅವನ ಪಾಲು" ಎಂದು ಟ್ಯಾಕ್ಸಿ ಹತ್ತಿದಳು.

ಹಳೆಯ ಮನೆಗಳನ್ನು ಅವುಗಳ ಹಳೆತನ ಹೊಗಳಿ ಕೊಂಡು, ಆ ಹಳೆತನವನ್ನೇ ಅಳಿಸಿ ಮಾರುವುದು ಗ್ಯಾರೆಟ್‌ನ ಕಸುಬು. ಭಾನುವಾರ ಮನೆ ನೋಡಲು ಗಿರಾಕಿಗಳು ಬರುವವರಿದ್ದರು. ಗುರುವಾರ ಬಣ್ಣದ ಕೆಲಸದ ರೂಬೆನ್ ಗೋಡೆಗೆ ಮೊದಲ ಕೈ ಬಳಿದ. ಒಣಗುವಷ್ಟರಲ್ಲಿ ಬಿಳಿಯ ಮೇಲೆ ಕಂದು ಕಲೆ ಎದ್ದಿತು.

"ಮರದ ರಸ ಕಣೋ. ಮಹಾಗನಿ ಯಾವಾಗ್ಲೂ ಹೀಗೇ ಬಿಡುತ್ತೆ. ಇನ್ನೊಂದು ಕೈ ಹೊಡಿ" ಎಂದ ಗ್ಯಾರೆಟ್.

ಶುಕ್ರವಾರ ಎರಡನೆಯ ಕೈ. ಕಲೆಗೆ ಬೆರಳುಗಳು ಮೂಡಿದವು. ಒಳಗಿನಿಂದ ತಳ್ಳುವಂತೆ ಹರಡಿಕೊಂಡ ಹತ್ತು ಬೆರಳು. ರೂಬೆನ್ ಕುಂಚ ಕೆಳಗಿಟ್ಟು ಎದೆಯ ಮೇಲೆ ಶಿಲುಬೆ ಎಳೆದುಕೊಂಡ.

"ಬಾಸ್, ಮೂವತ್ತು ವರ್ಷದಿಂದ ಬಣ್ಣ ಹೊಡೀತಿದೀನಿ. ರಸಕ್ಕೆ ಉಗುರಿರಲ್ಲ."

"ಹೋಗಿ ಹೆಂಡ್ತಿ ಹಿಂದೆ ಬಚ್ಚಿಟ್ಕೋ."

"ಹೋಗ್ತೀನಿ. ನೀವೂ ಬಂದ್ಬಿಡಿ."

ಶನಿವಾರ ಮಧ್ಯಾಹ್ನ ಗ್ಯಾರೆಟ್ ತಾನೇ ರೋಲರ್ ಹಿಡಿದ. ಧೂಳುಗಾಳಿ ಎದ್ದು ಗಾಜುಗಳೆಲ್ಲ ಕಂದಾದವು. ನಡುಹಗಲಲ್ಲೇ ಮನೆ ಕತ್ತಲಾಯಿತು. ಹಸಿ ಬಣ್ಣದ ನಾತದಡಿಯಿಂದ ಅಗಸೆ ಎಣ್ಣೆಯ ಕಮಟು ಬಂತು, ಅದರ ಹಿಂದೆ ಸುಟ್ಟ ಬೂದಿಯ ವಾಸನೆ. ಉದ್ದ ಮುಖ ಬಿಳಿಯನ್ನು ದಾಟಿ ಮೇಲೆದ್ದಿತ್ತು. ಅದರ ಬಾಯಿಯ ಮೇಲೆಯೇ ರೋಲರ್ ಒತ್ತಿದ. ಗೋಡೆ ಗಾಳಿ ಒಳಗೆಳೆದುಕೊಂಡಿತು. ನಿಧಾನವಾಗಿ. ಉಸಿರಿನ ಹಾಗೆ.

ಅವನ ಮೂಗು ಕಟ್ಟಿತು. ತಡವಿದ. ಹೊಳ್ಳೆಗಳ ಮೇಲೆ ಪೊರೆ. ನಯವಾದ, ತಣ್ಣನೆಯ ಪೊರೆ. ಬೆರಳಿಗೆ ಬಿಳಿ ಹತ್ತಿತು. ಕೆರೆದ. ಬಾಯಿ ತೆರೆದ. ಪೊರೆ ಅಲ್ಲಿಗೂ ಹರಡಿತು. ಕೂಗು ಹೊರಡಲಿಲ್ಲ. ಮುಗ್ಗರಿಸಿ ಗೋಡೆಗೆ ಕೈಯೂರಿದ. ಕೈ ಬಿಟ್ಟು ಬರಲಿಲ್ಲ. ಮೊಣಕೈ ಒಳಗೆ ಹೋಯಿತು. ಹೆಗಲು. ಕೆನ್ನೆ. ಕಿವಿಯ ಪಕ್ಕದಲ್ಲೇ ಯಾರೋ ದೀರ್ಘವಾಗಿ ಉಸಿರು ಬಿಟ್ಟರು.

ಭಾನುವಾರ ಬೆಳಿಗ್ಗೆ ಮಾರಾಟದ ಏಜೆಂಟ್ ಡಯಾನ್ ಬಾಗಿಲು ತೆರೆದಾಗ ಗೋಡೆಯ ಮೇಲೆ ಬಿಳಿಯ ಚುಕ್ಕೆಯೂ ಇರಲಿಲ್ಲ. ಇಲೋನಾ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು, ತೊಡೆಯ ಮೇಲೆ ಎಣ್ಣೆ ಡಬ್ಬಿ. ಒಳಗೆ ಬಂದು ಗಂಡನ ಹಣೆಗೆ, ಕೆನ್ನೆಗೆ, ಬೆರಳಿಗೆ ಹದವಾಗಿ ಎಣ್ಣೆ ತಿಕ್ಕಿದಳು.

ಪಕ್ಕದ ಹಲಗೆಯಲ್ಲಿ ಹೊಸ ಗೆರೆಗಳಿದ್ದವು. ಬಾಯಿ ಅಗಲಿಸಿದ ಇನ್ನೊಬ್ಬ ಗಂಡಸು.

"ಇದು ಬಿಟ್ಟೋಯ್ತಲ್ಲ ಅಜ್ಜಿ? ಈ ಬಿಸಿಲಿಗೆ ಹಲಗೆ ಸೀಳಿಹೋಗುತ್ತೆ" ಎಂದಳು ಡಯಾನ್.

"ಅವನಿಗೆ ಎಣ್ಣೆ ಹಿಡಿಸಲ್ವಂತಮ್ಮ. ಅವನೇ ಹೇಳಿದ್ದ."

ಮುದುಕಿ ಡಬ್ಬಿಯ ಮುಚ್ಚಳ ಬಿಗಿದಳು. ಗಾಜಿನ ಮೂಲಕ ಬಿಸಿಲು ಆ ತೆರೆದ ಬಾಯಿಯವರೆಗೆ ತೆವಳಿತು. ತುಟಿಯ ಅಂಚಿನಲ್ಲಿ ಮರ ಚಟ್ಟೆಂದಿತು.