ಬೊಮ್ಮಕ್ಕನ ಅರವತ್ತೊಂದು ಹಾಡುವ ತಟ್ಟೆಗಳು

ಬಹಳ ಬಹಳ ಹಿಂದೆ, ಕಡಲದಂಡೆಯಲ್ಲಿ ಹವಳಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಅರಗಿನ ಬಳೆ ಮಾಡಿ ಮಾರುವ ಬೊಮ್ಮಕ್ಕ ಇದ್ದಳು. ವಯಸ್ಸು ನಲವತ್ತು ದಾಟಿತ್ತು, ಬಾಯಿ ಮಾತ್ರ ಬಲು ಜೋರು.

ಬೊಮ್ಮಕ್ಕನಿಗೆ ಒಂದು ಹುಚ್ಚು. ಏಳು ಸಮುದ್ರದ ಆಚೆಯಿಂದ ಹಡಗಿನಲ್ಲಿ ಬರುವ ಹಾಡುವ ತಟ್ಟೆಗಳ ಹುಚ್ಚು. ಅವೂ ಅರಗಿನವೇ, ಕಪ್ಪಗೆ, ದುಂಡಗೆ. ತಿರುಗುವ ಪೀಠದ ಮೇಲಿಟ್ಟು ಮುಳ್ಳು ತಾಗಿಸಿದರೆ ಕೊಂಬಿನ ಬಾಯಿಂದ ಹಾಡು ಹೊರಡುತ್ತಿತ್ತು. ಆ ಸಂಗೀತಕ್ಕೆ ಜಾಜ್ ಅಂತ ಹೆಸರು. ಒಬ್ಬ ಕಹಳೆ ಊದಿದರೆ ಇನ್ನೊಬ್ಬ ಅವನನ್ನು ಕೆಣಕುತ್ತಾನೆ, ಮೂರನೆಯವನು ಡೋಲು ಬಾರಿಸುತ್ತ ಇಬ್ಬರ ಕಾಲೂ ಎಳೆಯುತ್ತಾನೆ. ಪೆಟ್ಟು ಬೀಳಬೇಕಾದ ಕಡೆ ಬೀಳುವುದಿಲ್ಲ, ಬೀಳಬಾರದ ಕಡೆ ಬಿದ್ದು ಮೈ ಝುಮ್ಮೆನ್ನಿಸುತ್ತದೆ. ಹಡಗು ಬಂತೆಂದರೆ ಬೊಮ್ಮಕ್ಕ ಕೈಲಿದ್ದ ಕೆಲಸ ಬಿಟ್ಟು ಓಡುವಳು. ಡಜನ್ ಬಳೆ ಕೊಟ್ಟು ಒಂದು ತಟ್ಟೆ ತರುವಳು. ಸೆರಗಿನಿಂದ ಒರೆಸುವಳು, ಅಂಚು ಹಿಡಿದೇ ಎತ್ತುವಳು, ಇನ್ನೊಬ್ಬರು ಮುಟ್ಟಿದರೆ ರೇಗುವಳು. ಹಾಗೆ ಅರವತ್ತೊಂದು ಕೂಡಿದ್ದವು. ಕೇಳುತ್ತ ಕೂತರೆ ಒಲೆಯ ಮೇಲೆ ಅನ್ನ ಸೀದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆಹಾ, ಆ ಸುಖ ಅನುಭವಿಸಿದವರಿಗೇ ಗೊತ್ತು!

ಇಂಥ ಊರಿಗೆ ಧೂಮಕೇಶ ಎಂಬ ಮಾಂತ್ರಿಕ ವಕ್ಕರಿಸಿದ. ಅರಮನೆಯ ಅಂಗಳದಲ್ಲಿ ಕೂತು ನಗಾರಿ ಬಾರಿಸತೊಡಗಿದ. ಢಣ್, ಢಣ್, ಢಣ್. ಜನ ಆ ಪೆಟ್ಟಿಗೇ ನಡೆದರು, ಆ ಪೆಟ್ಟಿಗೇ ಉಂಡರು, ಆ ಪೆಟ್ಟಿಗೇ ದುಡಿದರು. ರಾಜನೂ ಅದಕ್ಕೇ ತಲೆಯಾಡಿಸುತ್ತ ಅವನು ಹೇಳಿದ್ದಕ್ಕೆಲ್ಲ ಹೂಂ ಅಂದ. ಬೊಮ್ಮಕ್ಕನ ಕಿವಿಯಲ್ಲಿ ಬೇರೆಯದೇ ತಾಳ ತುಂಬಿತ್ತು, ಅವಳೊಬ್ಬಳಿಗೆ ಮಾಯೆ ಹತ್ತಲಿಲ್ಲ. ಧೂಮಕೇಶ ಡಂಗುರ ಹೊಡೆಸಿದ: "ನಗಾರಿ ಬಿಟ್ಟು ಬೇರೆ ಸದ್ದು ಕೂಡದು. ಬಳೆಗಾರ್ತಿ ತನ್ನ ತಟ್ಟೆಗಳನ್ನು ತಾನೇ ಕರಗಿಸಬೇಕು!"

ಬೊಮ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅರಮನೆಗೆ ಹೋಗಿ ಧೂಮಕೇಶನ ಎದುರು ನಿಂತಳು.

"ಕರಗಿಸಲ್ಲ," ಅಂದಳು.

"ಏನಂದೆ?"

"ಕಿವಿ ಕೇಳಲ್ವಾ? ಕರಗಿಸಲ್ಲ ಅಂದೆ. ನನ್ನ ಒಲೆ, ನನ್ನ ತಟ್ಟೆ."

ಮಾಯೆ ಹತ್ತದವರನ್ನು ಮೊದಲು ಸೋಲಿಸದೆ ಧೂಮಕೇಶ ಮುಟ್ಟುವ ಹಾಗಿರಲಿಲ್ಲ. ಹಲ್ಲು ಕಡಿದು ಹೇಳಿದ: "ಮೂರು ಪರೀಕ್ಷೆ. ಗೆದ್ದರೆ ತಟ್ಟೆ ನಿನ್ನವು. ಸೋತರೆ ತಟ್ಟೆಯ ಜೊತೆ ನಿನ್ನ ಕಿವಿಯೂ ನನ್ನದು."

"ಇಡು, ನೋಡೇಬಿಡೋಣ!"

ಪಣಕ್ಕೆಂದು ಅರವತ್ತೊಂದು ತಟ್ಟೆಗಳೂ ಅರಮನೆಗೆ ಬಂದವು. ಮೊದಲನೆಯ ಪರೀಕ್ಷೆಗೆ ಧೂಮಕೇಶ ಅವಳ ಒಂದು ತಟ್ಟೆಯನ್ನು ನೂರು ಮಾಡಿ ಹರಡಿದ. ನಿಜವಾದದ್ದು ಯಾವುದು? ಬೊಮ್ಮಕ್ಕ ಒಂದೊಂದನ್ನೂ ಬಿಸಿಲಿಗೆ ಓರೆ ಹಿಡಿದು ನೋಡಿದಳು, ನಕ್ಕಳು. "ಇದೇ. ಗೀರು ಕಾಣ್ತಾ? ನನ್ನ ಬೆಕ್ಕು ಹಾರಿ ಮಾಡಿದ್ದು. ನಿನ್ನವೆಲ್ಲ ಮಿರಮಿರ ಮಿಂಚ್ತಾವೆ, ಒಂದು ದಿನ ಯಾರೂ ಕೇಳಿದ ಹಾಗಿಲ್ಲ." ಉಳಿದ ತೊಂಬತ್ತೊಂಬತ್ತೂ ಹೊಗೆಯಾದವು.

ಎರಡನೆಯದಕ್ಕೆ, ಸದ್ದು ಮಾಡಿದವರನ್ನು ಸೀಳುವ ಮಾಯದ ಕರಡಿಯ ಗವಿಗೆ ಕಳಿಸಿದ. ಬೊಮ್ಮಕ್ಕ ಹೆದರಿದಳು, ಸುಳ್ಳು ಯಾಕೆ ಹೇಳಲಿ. ಆದರೂ ಜೊತೆಗೆ ಹೊತ್ತು ತಂದಿದ್ದ ಪೀಠ ಇಟ್ಟು ತಟ್ಟೆ ಹಾಕಿಯೇಬಿಟ್ಟಳು. ಕರಡಿ ಗುರ್ ಅಂತ ಎದ್ದು ನಿಂತಿತು. ಕಹಳೆ ಕೇಳಿ ತಲೆ ವಾಲಿಸಿತು. ಡೋಲು ಕೇಳಿ ಪಂಜ ಆಡಿಸಿತು. ಹಾಡು ಮುಗಿದಾಗ ಮೂತಿಯಿಂದ ಅವಳ ಮೊಣಕೈ ನೂಕಿತು.

"ಇನ್ನೂ ಬೇಕಾ? ಇರು ಮಾರಾಯ, ಮಗುಚಿ ಹಾಕ್ತೀನಿ," ಅಂದಳು ಬೊಮ್ಮಕ್ಕ.

ಇಬ್ಬರೂ ಜೊತೆಯಾಗಿ ಹೊರಗೆ ಬಂದದ್ದು ನೋಡಿ ಧೂಮಕೇಶನ ಮೈಯೆಲ್ಲ ಉರಿದುಹೋಯಿತು. ಕೊಟ್ಟ ಮಾತು ಮುರಿದು ಅರವತ್ತೊಂದು ತಟ್ಟೆಗಳನ್ನೂ ಬೆಂಕಿಗೆ ಎಸೆದ. ಅವು ಬುಗುಬುಗು ಉರಿದು ಕರಗಿ ಹರಿದವು. ಬೊಮ್ಮಕ್ಕ ನೆಲಕ್ಕೆ ಕುಸಿದು ಗೊಳೋ ಅಂತ ಅತ್ತಳು. ಇಪ್ಪತ್ತು ವರ್ಷದ ಆಸೆ ಅದು.

"ಈಗ ಮೂರನೆಯದು," ಅಂದ ಧೂಮಕೇಶ. "ನನ್ನ ನಗಾರಿಯವರೆಗೆ ಮೂವತ್ತು ಹೆಜ್ಜೆ ನಡೆ. ಒಂದೇ ಒಂದು ಹೆಜ್ಜೆ ನನ್ನ ಪೆಟ್ಟಿಗೆ ಬಿದ್ದರೂ ಕಲ್ಲಾಗ್ತೀಯ. ಇನ್ನು ಯಾವ ತಟ್ಟೆ ನಿನ್ನ ಕಾಯುತ್ತೆ?"

ಬೊಮ್ಮಕ್ಕ ಕಣ್ಣೊರೆಸಿಕೊಂಡು ಎದ್ದಳು. "ಥೂ ಪಾಪಿ! ಒಂದೊಂದನ್ನೂ ನೂರು ಸಲ ಕೇಳಿದೀನಿ ಕಣೋ. ತಟ್ಟೆ ಸುಟ್ಟೆ, ಸರಿ. ನಾನು ಕೇಳಿದ್ದನ್ನ ಹೇಗೆ ಸುಡ್ತೀಯ?"

ಗುನುಗುತ್ತ ಹೆಜ್ಜೆ ಇಟ್ಟಳು. ಢಣ್ ಅಂದಾಗ ಕಾಲು ಗಾಳಿಯಲ್ಲಿ, ಸದ್ದು ಅಡಗಿದಾಗ ನೆಲದಲ್ಲಿ. ಅವನು ಬೇಗ ಬಾರಿಸಿದ, ಅವಳು ಕಾದಳು. ಅವನು ತಡೆದ, ಅವಳು ಮುಂದೆ ಜಾರಿದಳು. ಇಪ್ಪತ್ತೊಂಬತ್ತನೆಯ ಹೆಜ್ಜೆಗೆ ಧೂಮಕೇಶ ಅವಳ ಪಾದವನ್ನೇ ನೋಡುತ್ತ ಕೋಲೆತ್ತಿದವನು ಯಾವಾಗ ಹೊಡೆಯಲಿ ಅಂತ ತೋಚದೆ ಹಾಗೇ ನಿಂತುಬಿಟ್ಟ. ಒಂದು ಪೆಟ್ಟು ತಪ್ಪಿತು. ಮೂವತ್ತನೆಯ ಹೆಜ್ಜೆಯನ್ನು ಬೊಮ್ಮಕ್ಕ ನಗಾರಿಯ ಚರ್ಮದ ಮೇಲೇ ಇಟ್ಟಳು. ಪಟಾರ್! ನಗಾರಿ ಹರಿಯಿತು, ಅದರಲ್ಲೇ ಜೀವ ಇಟ್ಟಿದ್ದ ಧೂಮಕೇಶ ಬೂದಿಯಾಗಿ ಉದುರಿದ.

ಎಚ್ಚೆತ್ತ ರಾಜ ಕೈಮುಗಿದ. "ಏನು ಬೇಕು ಕೇಳು ತಾಯಿ. ಹತ್ತು ಊರು ಕೊಡಲೇ?"

"ಊರು ತಗೊಂಡು ಏನು ಮಾಡಲಿ ಬುದ್ಧಿ? ಹಡಗು ಕಳಿಸಿ."

ಹಡಗು ಹೋಯಿತು, ಮುನ್ನೂರು ತಟ್ಟೆ ಹೊತ್ತು ಬಂತು. ಕರಡಿ ಬೊಮ್ಮಕ್ಕನ ಮನೆಯಲ್ಲೇ ಉಳಿಯಿತು. ಹಗಲಿಡೀ ಹಾಡೋ ಹಾಡು! ಕೊನೆಗೊಂದು ದಿನ ರಾಜನೇ ಬಂದು ಮೆಲ್ಲಗೆ ಕೇಳಿದ: "ತಾಯಿ, ಸ್ವಲ್ಪ ಸಣ್ಣ ಸದ್ದಿನಲ್ಲಿ ಹಾಕಬಾರದೇ?"

"ಆಗಲ್ಲ ಬುದ್ಧಿ," ಅನ್ನುತ್ತ ಬೊಮ್ಮಕ್ಕ ಕೊಂಬನ್ನು ಅರಮನೆಯ ಕಡೆಗೇ ತಿರುಗಿಸಿದಳು. ರಾಜ ಜಗಲಿಯ ಮೇಲೆ ಕೂತು ಕೇಳಿದ, ಕಾಲು ಕುಣಿಸಿದ. ಹವಳಪುರದವರು ಮನಸ್ಸಿಗೆ ಬಂದ ಹಾಗೆ ಹೆಜ್ಜೆ ಹಾಕಿಕೊಂಡು ನೂರು ವರ್ಷ ಸುಖವಾಗಿ ಬಾಳಿದರು.