ಮೂರನೇ ಟ್ರ್ಯಾಕಿನವಳು

ನಾನು ಹೊಟ್ಟೆಕಿಚ್ಚಿನವಳಲ್ಲ. ಹೀಗೆಂದಾಗಲೆಲ್ಲ ಅಕ್ಕ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾಳೆ. ಮನಶ್ಶಾಸ್ತ್ರ ಓದಿ ಕೌನ್ಸೆಲರ್ ಆದವಳು, ಆದರೂ ತಂಗಿಯ ಮುಂದೆ ಬಾಯಿ ನಿಲ್ಲುವುದಿಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಕೋತೀಯ?"

ನಾನು ಸೌಂಡ್ ಇಂಜಿನಿಯರ್. ನಮ್ಮ ಸ್ಟುಡಿಯೋದಲ್ಲಿ ಒಂದು ರಾಕ್ ಬ್ಯಾಂಡಿನ ಆಲ್ಬಮ್ ರೆಕಾರ್ಡ್ ಆಗುತ್ತಿತ್ತು. ಗಾಜಿನಾಚೆ ಬ್ಯಾಂಡಿನ ಹಾಡುಗಾರ, ಈಚೆ ನಾನು. ಹಾಡುವ ಮೊದಲು ಅವನು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ನನ್ನತ್ತ ನೋಡುತ್ತಿದ್ದ. ನಾನು ತಲೆ ಆಡಿಸಿದ ಮೇಲೆಯೇ ಹಾಡು. ಆ ನೋಟಕ್ಕಾಗಿ ಬೇಕಂತಲೇ ತಡ ಮಾಡುತ್ತಿದ್ದೆ. ಅವನಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ.

ಅವನ ಪಕ್ಕದಲ್ಲಿ ಬೇಸ್ ಗಿಟಾರ್ ನುಡಿಸುವವಳು ನಿಲ್ಲುತ್ತಿದ್ದಳು. ಮಾತುಮಾತಿಗೆ ಅವನ ಭುಜಕ್ಕೆ ಗುದ್ದಿ ನಗುತ್ತಿದ್ದಳು. ನಗಲಿ, ನನಗೇನು.

ಆಲ್ಬಮಿನ ಕೊನೆಯ ಹಾಡು ಒಳಗಿನ ನೆರಳಿನ ಬಗ್ಗೆ. ನಾವು ಒಪ್ಪಿಕೊಳ್ಳದ ಕೋಪ, ಆಸೆ, ಅಸೂಯೆಗಳೆಲ್ಲ ಒಂದು ಕತ್ತಲೆ ಕೋಣೆಯಲ್ಲಿ ಕೂತಿರುತ್ತವಂತೆ, ಬಾಗಿಲು ಹಾಕಿದಷ್ಟೂ ಒದೆಯುತ್ತವಂತೆ. ಅಕ್ಕ ಹೇಳುವುದೂ ಇದನ್ನೇ, ಡ್ರಮ್ ಇಲ್ಲದೆ.

"ನಿಮ್ಮ ರಾಕ್‌ನವರಿಗೆ ಯಾಕೆ ಇಷ್ಟೊಂದು ಕತ್ತಲೆ?" ಎಂದು ಒಮ್ಮೆ ಹಾಡುಗಾರನನ್ನು ಕೇಳಿದ್ದೆ.

"ಮನೇಲಿ ಕಿರುಚಿದ್ರೆ ಪಕ್ಕದ್ಮನೆಯವರು ಬರ್ತಾರೆ. ಸ್ಟೇಜ್ ಮೇಲೆ ಕಿರುಚಿದ್ರೆ ಚಪ್ಪಾಳೆ ಬರುತ್ತೆ."

ಆ ಹಾಡಿನ ಫೈಲುಗಳನ್ನು ಅವನು ಮನೆಗೆ ಒಯ್ದು, ತನಗೆ ತೋಚಿದ್ದನ್ನು ಸೇರಿಸಿ, ಎಲ್ಲ ದನಿಗಳನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ ವಾಪಸ್ ತಂದ. ಒಂದೊಂದೇ ಟ್ರ್ಯಾಕ್ ಕೇಳುತ್ತಾ ಹೋದೆ. ಡ್ರಮ್, ಗಿಟಾರ್. ಮೂರನೆಯದರಲ್ಲಿ ಹೆಂಗಸಿನ ದನಿ. ದಪ್ಪ, ನಿಧಾನ, ಗಂಟಲಾಳದಿಂದ ಗುರುಗುಟ್ಟುವ ದನಿ. ಮಾತು ತಿಳಿಯಲಿಲ್ಲ. ಆದರೆ ಅವಳಿಗೆ ಯಾರೋ ತೀರಾ ಬೇಕಾಗಿದ್ದರು, ಅಷ್ಟು ತಿಳಿಯಿತು. ಮೈಯೆಲ್ಲ ಉರಿಯಿತು.

"ಇವಳ್ಯಾರು?"

"ಚೆನ್ನಾಗಿದ್ದಾಳಲ್ವಾ?" ಅವನ ತುಟಿಯಂಚಿನಲ್ಲಿ ನಗು.

"ಬೇಸ್‌ನವಳಾ?"

"ಅವಳಿಗೆ ಇಷ್ಟು ಚೆನ್ನಾಗಿ ಕೋಪ ಮಾಡ್ಕೊಳ್ಳೋಕೆ ಬರಲ್ಲ."

"ಮನೆಗೆ ಕರೆಸಿ ರೆಕಾರ್ಡ್ ಮಾಡಿದ್ರಾ?"

"ಇಲ್ಲ, ಇಲ್ಲೇ ಆಗಿದ್ದು."

ಇಲ್ಲೇ. ನನ್ನ ಸ್ಟುಡಿಯೋದಲ್ಲಿ, ನನ್ನ ಮೈಕಿನಲ್ಲಿ, ನನಗೇ ಗೊತ್ತಿಲ್ಲದಂತೆ. "ಮಿಕ್ಸಿಂಗ್ ಬೇರೆ ಯಾರ ಹತ್ರನಾದ್ರೂ ಮಾಡಿಸ್ಕೊಳ್ಳಿ" ಎಂದು ಬ್ಯಾಗ್ ಎತ್ತಿಕೊಂಡೆ.

ಅವನ ನಗು ನಿಂತಿತು. "ಹೋಗೋ ಮುಂಚೆ ಒಂದ್ಸಲ ಸ್ಪೀಡ್ ಸರಿಮಾಡಿ ಕೇಳಿ. ನಾನದನ್ನ ಅರ್ಧಕ್ಕೆ ಇಳಿಸಿದ್ದೀನಿ."

ಸರಿಮಾಡಿದೆ. ದನಿ ತೆಳ್ಳಗಾಯಿತು, ಚುರುಕಾಯಿತು, ನನ್ನದಾಯಿತು.

'ಅದೇನು ಅವಳ ಜೊತೆ ಹಲ್ಲು ಕಿರಿಯೋದು? ಈ ಕಡೆ ನೋಡು. ನನ್ನನ್ನೇ ನೋಡು.'

ಗಾಜಿನಾಚೆಯವರೊಡನೆ ಮಾತಾಡಲು ನನ್ನ ಮುಂದೆ ಒಂದು ಬಟನ್ ಇದೆ. ಒತ್ತಿದರೆ ನನ್ನ ಮಾತು ಅವರ ಹೆಡ್‌ಫೋನಿಗೆ ಹೋಗುತ್ತದೆ, ಬಿಟ್ಟರೆ ನನ್ನ ಗೊಣಗಾಟ ನನಗೇ. ಒಂದು ದಿನ ಅದರ ಮೇಲೆ ಟೀ ಚೆಲ್ಲಿ, ನನಗೆ ತಿಳಿಯುವ ಮೊದಲು ಸ್ವಲ್ಪ ಹೊತ್ತು ಒತ್ತಿದಲ್ಲೇ ಅಂಟಿಕೊಂಡಿತ್ತು. ಅವನ ಹೆಡ್‌ಫೋನ್ ಆಗ ಮೈಕಿಗೆ ನೇತುಬಿದ್ದಿತ್ತು, ರೆಕಾರ್ಡಿಂಗ್ ನಡೆದೇ ಇತ್ತು; ನನ್ನ ಗೊಣಗಾಟ ಅದರಿಂದ ನೇರ ಮೈಕಿಗೆ ಹೋಗಿತ್ತು.

"ಬೇಸ್‌ನವಳಿಗೂ ಕೇಳಿಸ್ತಾ?"

"ಅವಳೇ ನನಗೆ ಹೇಳಿದ್ದು. ಆವತ್ತಿಂದ ಗುದ್ದಿ ಗುದ್ದಿ ನಗ್ತಿರೋದೂ ಅದಕ್ಕೇ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ನಿಮ್ಮನ್ನ ಕೇಳದೆ ಹಾಕ್ಕೊಂಡಿದ್ದು ತಪ್ಪು. ಬೇಡ ಅಂದ್ರೆ ಈಗಲೇ ಅಳಿಸ್ತೀನಿ." ಅವನು ನೆಲ ನೋಡುತ್ತಾ ಹೇಳಿದ. "ಕತ್ತಲೆ ಕತ್ತಲೆ ಅಂತ ನಾನು ಕಿರುಚೋದೆಲ್ಲ ನಾಟಕ ಅನ್ನಿಸ್ತು ಅದನ್ನ ಕೇಳಿದ್ಮೇಲೆ. ನಗುನಗ್ತಾ 'ಇನ್ನೊಂದು ಟೇಕ್' ಅನ್ನೋ ನೀವು ಮೊದಲಿಂದಾನೂ ನಂಗಿಷ್ಟ. ನಿಮ್ಮೊಳಗೆ ಕೂತು ಬೈಯೋಳು ಇನ್ನೂ ಇಷ್ಟ."

"ಅಂದ್ರೆ ಅವಳೇ ಜಾಸ್ತಿ ಇಷ್ಟಾನಾ?"

ಅವನು ತಲೆ ಎತ್ತಿದ. "ಈಗ ಅವಳ ಮೇಲೂನಾ?"

ಹೌದು, ಅವಳ ಮೇಲೂ. ನಾನು ಹೊಟ್ಟೆಕಿಚ್ಚಿನವಳೇ. ಬ್ಯಾಗ್ ಕೆಳಗಿಟ್ಟು ಮೂರನೇ ಟ್ರ್ಯಾಕಿನ ವಾಲ್ಯೂಮ್ ಏರಿಸಿದೆ. "ಇಷ್ಟು ಕೆಳಗಿಟ್ರೆ ಯಾರಿಗೆ ಕೇಳುತ್ತೆ? ಹೋಗಿ, ಕೊನೇ ಸಾಲು ಇನ್ನೊಂದ್ಸಲ ಹಾಡಿ. ಇವಳ ಪಕ್ಕ ನಿಮ್ಮದು ಸಪ್ಪೆ."

ಅವನು ಗಾಜಿನಾಚೆ ಹೋಗಿ ನಿಂತ. ಹೆಡ್‌ಫೋನ್ ಹಾಕಿಕೊಂಡ. ಅಭ್ಯಾಸದಂತೆ ಒಂದು ಕಿವಿ ಸರಿಸಲು ಕೈ ಎತ್ತಿದ. ಅಷ್ಟರಲ್ಲಿ ನಾನೇ ಬಟನ್ ಒತ್ತಿದೆ.

"ನನ್ನನ್ನೇ ನೋಡು" ಅಂದೆ.

ನೋಡಿದ. ತಲೆ ಆಡಿಸಲು ನಾನು ಆವತ್ತು ಬಹಳ ಹೊತ್ತು ತೆಗೆದುಕೊಂಡೆ.