ಹೂಂಗುಟ್ಟಬಾರದ ಊರು

"ನಾ ಹೆಸರ ಹೇಳೂ ಮುಂದ ಹೂಂ ಅನಬ್ಯಾಡ್ರಿ, ಅಕ್ಕೋರ. ಕೆಮ್ಮು ಬಂದ್ರ ಕೆಮ್ಮರಿ, ಸೀನು ಬಂದ್ರ ಸೀನ್ರಿ. ಹೂಂ ಮಾತ್ರ ಅನಬ್ಯಾಡ್ರಿ."

ಹೆಳವರ ಸಂಗಣ್ಣ ಇದನ್ನು ಮೂರನೇ ಸಲ ಹೇಳಿದಾಗ ರೇಣುಕಾಗೆ ನಗು ತಡೆಯಲಾಗಲಿಲ್ಲ. ಇಂಡಿಯ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಇತಿಹಾಸ ಕಲಿಸುವವಳು ಅವಳು. ಸತ್ತವರ ಹೆಸರುಗಳೇ ಅವಳ ಅನ್ನ. ಹೂಂ ಅಂದರೆ ಸತ್ತವರು ಎದ್ದು ಬರುವಂತಿದ್ದರೆ ನನ್ನ ಕ್ಲಾಸಿನಲ್ಲಿ ಕೂರಲು ಜಾಗವೇ ಇರುತ್ತಿರಲಿಲ್ಲ ಎಂದು ಹಂಗಿಸಿದಳು. ಮುದುಕ ನಗಲಿಲ್ಲ.

ಹೆಳವರ ಕಸುಬು ಈ ಸೀಮೆಯವರಿಗೆ ಗೊತ್ತಿದ್ದದ್ದೇ. ವರ್ಷಕ್ಕೊಮ್ಮೆ ಮನೆಬಾಗಿಲಿಗೆ ಬಂದು ಹತ್ತು ತಲೆಮಾರಿನ ಹಿರಿಯರ ಹೆಸರು ಹೇಳುತ್ತಾರೆ. ಒಂದೊಂದು ಹೆಸರಿಗೂ ಮನೆಯವರು ಹೂಂಗುಟ್ಟಬೇಕು. ಹೂಂ ಎಂದರೆ ಇವರು ನಮ್ಮವರು ಎಂದು ಒಪ್ಪಿಕೊಂಡಂತೆ. ಹಾಳುಬಿದ್ದ ಕಸರವಾಳದ ಹನ್ನೆರಡು ಮನೆಗಳಿಗೆ ಮಾತ್ರ ಹಾಗೆ ಒಪ್ಪಿಕೊಳ್ಳಲು ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಹಿಂದೆ ಒಬ್ಬ ವಿಧವೆಯ ಹೊಲ ನುಂಗಲು ಆ ಹನ್ನೆರಡೂ ಮನೆಯವರು ಗುಡಿಯಲ್ಲಿ ನಿಂತು ಸುಳ್ಳು ಪ್ರಮಾಣಕ್ಕೆ ಹೂಂ ಅಂದರಂತೆ. ಅವಳು ಮಾಟದ ಗಡಿಗೆಯನ್ನು ನೆಲದೊಳಗಿನ ಜೋಳದ ಹಗೇವಿನ ತಳದಲ್ಲಿ ಹೂತು, ನಿಮ್ಮ ಮನೆಗಳ ದೀಪ ಆರಲಿ, ನಿಮ್ಮ ಹೆಸರಿಗೆ ಹೂಂ ಅಂದವರ ಮನೆಯ ದೀಪವೂ ನನ್ನದಾಗಲಿ ಎಂದು ಶಪಿಸಿದಳಂತೆ. ಅವಳು ದೀಪ ಅಂದದ್ದು ಮಕ್ಕಳಿಗೆ. ವರ್ಷ ತುಂಬುವುದರೊಳಗೆ ಊರಿನಲ್ಲಿ ಒಂದು ಕೂಸೂ ಉಳಿಯಲಿಲ್ಲ. ದೊಡ್ಡವರು ಬಾಗಿಲು ತೆರೆದಿಟ್ಟೇ ಊರು ಬಿಟ್ಟರು.

ರೇಣುಕಾಗೆ ಬೇಕಾಗಿದ್ದದ್ದು ಆ ಹೆಸರುಗಳು. ಧಾರವಾಡದ ವಿಚಾರಸಂಕಿರಣದಲ್ಲಿ ಜರ್ಮನಿಯ ಪುಟ್ಟ ಹಳ್ಳಿಯೊಂದರ ಚರಿತ್ರೆಯ ಪುಸ್ತಕ ನೋಡಿದಂದಿನಿಂದ ಅವಳಿಗೆ ಹೊಟ್ಟೆಕಿಚ್ಚು. ನಲವತ್ತೇ ಮನೆಯ ಊರು. ಯುದ್ಧಕ್ಕೆ ಅರ್ಧ, ಪಿಡುಗಿಗೆ ಅರ್ಧ ಬರಿದಾದರೂ ಚರ್ಚಿನ ವಹಿಯಲ್ಲಿ ಪ್ರತಿ ಮನೆಯವರ ಹೆಸರು ಉಳಿದಿತ್ತು, ನಾಲ್ಕುನೂರು ವರ್ಷದ್ದು. ಅವರಿಗೆ ಪಾದ್ರಿಯಿದ್ದರೆ ನಮಗೆ ಹೆಳವನಿಲ್ಲವೇ ಎಂದು ಆರು ತಿಂಗಳು ಸಂಗಣ್ಣನ ಬೆನ್ನುಬಿದ್ದಳು. ನೀವು ಸತ್ತರೆ ಆ ಹನ್ನೆರಡು ಮನೆಯವರು ಇನ್ನೊಮ್ಮೆ ಸಾಯುತ್ತಾರೆ ಎಂದು ಚುಚ್ಚಿದಳು. ಕಸುಬಿನ ಅಭಿಮಾನಕ್ಕೆ ಮುದುಕ ಅಲ್ಲಿ ಸೋತ. ಆ ಹೆಸರುಗಳನ್ನು ಆ ನೆಲದಲ್ಲೇ ಹೇಳಬೇಕು ಎಂದು ಅವಳನ್ನು ಕಸರವಾಳಕ್ಕೆ ಕರೆತಂದ.

ಮಟಮಟ ಮಧ್ಯಾಹ್ನ. ಹಾಳೂರಿನಲ್ಲಿ ನಿಂತಿದ್ದದ್ದು ಒಂದೇ ಕೋಣೆ. ಅದರ ನಡುವೆ ಅದೇ ಹಗೇವು, ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ, ಬಾಯಿ ತೆರೆದುಕೊಂಡಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಬಾವಲಿಯ ಹಿಕ್ಕೆಯ ಘಾಟು, ಕಣ್ಣು ಹೊಂದಲು ಹೊತ್ತು ಹಿಡಿಯುವ ಕತ್ತಲು. ಮರೆತು ಹೂಂ ಅನ್ನದಿರಲೆಂದು ಸಂಗಣ್ಣ ಅವಳ ನಾಲಗೆಯಡಿ ಒಂದು ಬೆಣಚುಕಲ್ಲು ಇಡಿಸಿದ. ಹಿಡಿದ ಮನೆತನವನ್ನು ನಡುವೆ ಬಿಡುವಂತಿಲ್ಲ ಎಂದು ಹೇಳಿ ಕಣ್ಣು ಮುಚ್ಚಿ ಶುರುಮಾಡಿದ.

ಮೊದಲ ನಾಲ್ಕು ಮನೆ ಸುಮ್ಮನೆ ಸರಿದವು. ಐದನೆಯದಕ್ಕೆ ಬರುವಷ್ಟರಲ್ಲಿ, ಆರಿಸಿದ ಬತ್ತಿಯ ಕಮಟು ವಾಸನೆ ಬಂತು. ಅಲ್ಲಿ ದೀಪವನ್ನೇ ಹಚ್ಚಿರಲಿಲ್ಲ. ಎಂಟನೆಯದಕ್ಕೆ ಹಗೇವಿನೊಳಗೆ ಯಾರೋ ಉಸಿರೆಳೆದುಕೊಂಡ ಸದ್ದು. ಹಾವಿರಬೇಕು ಎಂದುಕೊಂಡಳು. ಹಾವು ಅಷ್ಟು ದೀರ್ಘವಾಗಿ ಉಸಿರಾಡುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

ಹನ್ನೆರಡನೇ ಮನೆ ನಡೆಯುತ್ತಿದ್ದಾಗ ಫೋನು ಮಿನುಗಿತು. ಗಂಡ ಕಾಂತು. ಆರು ವರ್ಷದ ಯಶೋಧಾಳನ್ನು ಮನೆಯಲ್ಲಿ ಅವನ ಹತ್ತಿರ ಬಿಟ್ಟು ಬಂದಿದ್ದಳು. ಕಲ್ಲನ್ನು ಅಂಗೈಗೆ ಉಗಿದು ಫೋನು ಕಿವಿಗಿಟ್ಟಳು.

"ಯವ್ವಾ, ಮನಿಗೆ ಬರ್ಲೇನು?" ಮಗಳ ದನಿ.

"ಹೂಂ, ಬಾ."

ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಯಶೋಧಾ ಮನೆಯಲ್ಲೇ ಇದ್ದಾಳೆ. ಮನೆಯಲ್ಲಿರುವ ಕೂಸು ಮನೆಗೆ ಬರಲೇ ಎಂದು ಯಾಕೆ ಕೇಳುತ್ತದೆ?

ಹಗೇವಿನೊಳಗಿಂದ ಹನ್ನೆರಡು ಗಂಟಲು ಒಟ್ಟಿಗೆ ಹೂಂ ಎಂದವು.

ಮರಳಿ ಫೋನು ಮಾಡಿದಳು. ಕಾಂತು ಅಳುತ್ತಿದ್ದ. ತಾನು ಫೋನೇ ಮಾಡಿಲ್ಲವೆಂದ. ಆಡುತ್ತಿದ್ದ ಹುಡುಗಿ ಈಗಷ್ಟೇ ದೊಪ್ಪನೆ ಬಿದ್ದಳು, ಕಣ್ಣು ತೆರೆದೇ ಇವೆ, ಮೈ ತಣ್ಣಗಾಗುತ್ತಿದೆ, ಡಾಕ್ಟರಿಗೆ ಹೇಳಿ ಕಳಿಸಿದ್ದೇನೆ ಎಂದ.

ಸಂಗಣ್ಣ ಅವಳನ್ನು ಬಯ್ಯಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

"ಕೂಸು ನಿಮ್ಮದಲ್ಲಂದ್ರ ಶಾಪ ಹಾಕಿದಾಕಿಗೆ ಹಕ್ಕಿಲ್ರಿ. ತಿಪ್ಪಿಗೆ ಹಾಕಿ, ಬ್ಯಾರೆ ಹೆಣ್ಮಗಳ ಕಡಿಂದ ಎತ್ತಸ್ರಿ. ಆದ್ರ ಖರೇನ ಕೊಡಬೇಕ್ರಿ. ಸುಳ್ಳು ಹೇಳಿದವ್ರನ್ನ ಆಕಿ ಬಿಟ್ಟಿಲ್ಲ."

ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯಲ್ಲಿ ಮಲಗಿಸಿ, ಪರರಿಂದ ಎತ್ತಿಸಿ, ತಿಪ್ಪವ್ವ ಎಂದು ಹೆಸರಿಡುವುದು ಹಳೆಯ ಪದ್ಧತಿ. ಅದು ಮೂಢನಂಬಿಕೆ ಎಂದು ರೇಣುಕಾ ವರ್ಷವರ್ಷವೂ ಪಾಠ ಮಾಡಿದ್ದಳು.

ಸಂಗಣ್ಣನನ್ನು ಅಲ್ಲೇ ಬಿಟ್ಟಳು. ಸ್ಕೂಟಿ ಹಾರಿತು. ಧೂಳು. ನಿಂಬೆ ತೋಟಗಳು. ಹಿಂದಿನ ಸೀಟು ತಗ್ಗಿತು. ಯಾರೋ ಕೂತರು. ಬತ್ತಿಯ ವಾಸನೆ ಕಿವಿಯ ಹತ್ತಿರವೇ ಇತ್ತು. ತಿರುಗಿ ನೋಡಲಿಲ್ಲ. ಇಂಡಿ ಬಂತು. ಓಣಿ ಬಂತು. ಕಾಂತು ತಡೆದ. ಅವನನ್ನು ತಳ್ಳಿದಳು. ಕೂಸನ್ನು ಎತ್ತಿದಳು. ಹಿತ್ತಲ ತಿಪ್ಪೆಯಲ್ಲಿ, ಸಗಣಿ ಕಸದ ಮೇಲೆ ಮಲಗಿಸಿದಳು. ಪಕ್ಕದ ಮನೆಯ ಸೈದಾಬಿಯನ್ನು ಕೂಗಿದಳು. ಮಕ್ಕಳಿಲ್ಲದ ಆ ಹೆಂಗಸು ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಎತ್ಕೋರಿ, ಸೈದಾಬಿ. ಈ ಕೂಸು ನಂದಲ್ಲ."

ಕೂಸು ಅಲ್ಲಾಡಲಿಲ್ಲ. ಮತ್ತೆ ಹೇಳಿದಳು. ತುಟಿ ಇನ್ನಷ್ಟು ನೀಲಿಯಾಯಿತು. ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ರೇಣುಕಾಗೆ ಗೊತ್ತಿತ್ತು. ಮನಸ್ಸಿನ ಮೂಲೆಯಲ್ಲಿ, ಸಂಜೆಗೆ ವಾಪಸು ತಂದುಕೊಂಡರಾಯಿತು ಎಂದೇ ಇತ್ತು. ಆ ಮೂಲೆಯನ್ನೂ ಬಿಟ್ಟಳು. ಹೆತ್ತ ರಾತ್ರಿಯನ್ನು ಬಿಟ್ಟಳು. ಮೊದಲ ಹಲ್ಲು, ಮೊದಲ ಮಾತು, ಮುಂದೆ ಮಾಡಬೇಕೆಂದಿದ್ದ ಮದುವೆ, ಎಲ್ಲ ಬಿಟ್ಟಳು. ಕರುಳು ಹರಿದು ಕೈಗೆ ಬಂದಂತಾಯಿತು. ಮೂರನೇ ಸಲ ಮೆಲ್ಲಗೆ ಹೇಳಿದಳು.

ಕೂಸು ಕೆಮ್ಮಿತು. ಸೈದಾಬಿ ಬಾಚಿ ಎತ್ತಿಕೊಂಡಳು. ಬತ್ತಿಯ ವಾಸನೆ ಹಿತ್ತಲು ದಾಟಿ ಹೋಯಿತು.

ಡಾಕ್ಟರು ಜೀವಕ್ಕೆ ಅಪಾಯವಿಲ್ಲ, ಒಂದು ವಾರ ನೋಡೋಣ ಎಂದರು. ಯಶೋಧಾಗೆ ಅಪ್ಪ ನೆನಪಿದ್ದ, ಶಾಲೆಯ ಗೆಳತಿಯರೆಲ್ಲ ನೆನಪಿದ್ದರು. ಮನೆಗೆ ಕರೆತಂದರೆ ಮಾತ್ರ ಊಟ ಬಿಟ್ಟು, ಗೋಡೆಯಾಚೆಯ ಸೈದಾಬಿಯ ಮನೆಗಾಗಿ ಅತ್ತಳು. ರೇಣುಕಾಳನ್ನು ತೋರಿಸಿ, ಇವಳು ನಿನ್ನ ಅವ್ವ ಎಂದು ಸೈದಾಬಿ ಕೈಮುಗಿದು ಹೇಳಿದರೂ ಹುಡುಗಿ ಸೈದಾಬಿಯ ಸೆರಗಿನಲ್ಲೇ ಮುಖ ಮುಚ್ಚಿಕೊಂಡಳು. ಒಂಬತ್ತನೇ ದಿನ ರೇಣುಕಾ, ಮಗಳಿಗೆ ಸೇರುವ ಶೇಂಗಾ ಹೋಳಿಗೆ ಹಿಡಿದು ಸೈದಾಬಿಯ ಬಾಗಿಲು ತಟ್ಟಿದಳು.

ಬಾಗಿಲು ತೆರೆದದ್ದು ಯಶೋಧಾ. ಹೊರಗಿನವರ ಮುಂದೆ ಮಾಡುವಂತೆ ಲಂಗ ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಯಾರು ಬೇಕಾಗಿತ್ರಿ ನಿಮಗ? ಅಮ್ಮಿ ನಮಾಜ ಮಾಡಾಕತ್ತಾಳ್ರಿ. ಕುಂದರ್ರಿ."

ರೇಣುಕಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತಳು.